ಹಿಮ್ಮಡಿಗೆ ಕರಂಟು ಇಡಿಸಿಕೊಂಡು ಬಂದದ್ದು

ಮಾರ್ಕಯನ್‌ಕೋಟ್ಟೈ

ಜರ್ಮನಿಗೆ ಹೋಗಿಬಂದವರು ಕೋಟೆ ನೋಡಿದೆ, ಹಿಮ ನೋಡಿದೆ ಎಂದು ಬರೆಯುತ್ತಾರೆ. ನಾನು ಹೋದದ್ದು ನನ್ನ ಎಡಗಾಲಿನ ಹಿಮ್ಮಡಿಯನ್ನು ತೋರಿಸುವುದಕ್ಕೆ. ಹಾಗಾಗಿ ಇಲ್ಲಿ ಕೋಟೆಗಿಂತ ಹಿಮ್ಮಡಿಯ ಸುದ್ದಿಯೇ ಹೆಚ್ಚು. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನಮ್ಮದು ತಮಿಳುನಾಡಿನ ಕಂಬಂ ಕಣಿವೆಯಲ್ಲಿ, ಚಿನ್ನಮನೂರಿನ ಪಕ್ಕದ ಊರು. ಹೊಲದಲ್ಲಿ ದ್ರಾಕ್ಷಿ, ಬಾಳೆ, ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ಆ ಕನ್ನಡವನ್ನು ನಮ್ಮಲ್ಲಿ ಯಾರೂ ಬರೆದವರಲ್ಲ. ನಾನು ಮೈಸೂರಿನ ಮಾರುಕಟ್ಟೆಯಲ್ಲಿ ಹನ್ನೆರಡು ವರ್ಷ ಹಣ್ಣಿನ ಮಂಡಿ ಇಟ್ಟುಕೊಂಡಿದ್ದೆ, ಅಲ್ಲಿ ಅಕ್ಷರ ಕಲಿತೆ. ಕಲಿತ ತಪ್ಪಿಗೆ ಈಗ ಬರೆಯುತ್ತಿದ್ದೇನೆ.

ನಮ್ಮ ಕುಲಕ್ಕೆ ಸಾಮಿಯ ದನಗಳಿವೆ. ಅವುಗಳ ಹಾಲು ಕರೆಯುವಂತಿಲ್ಲ, ಹೆಗಲಿಗೆ ನೊಗ ಇಡುವಂತಿಲ್ಲ. ದನಗಳ ಹಬ್ಬವಾದ ಮಾಟ್ಟುಪ್ಪೊಂಗಲ್ ಬೆಳಿಗ್ಗೆ ಪಟ್ಟದ ಹೋರಿಯ ಹಗ್ಗ ಹಿಡಿದು, ದೊಡ್ಡಿಯಿಂದ ಮುಲ್ಲೆಯಾರು ಹೊಳೆಯ ತನಕ ಬರಿಗಾಲಲ್ಲಿ ನಡೆಯುವುದು ನಮ್ಮ ಮನೆಯ ಹಿರಿಮಗನ ಹಕ್ಕು. ಅಪ್ಪ ನಡೆದರು, ಅಪ್ಪ ಹೋದ ಮೇಲೆ ನಾನು. ಹೆಚ್ಚೆಂದರೆ ಮೂರು ಕಿಲೋಮೀಟರು. ವರ್ಷವಿಡೀ ನನ್ನನ್ನು ಕೇಳುವ ನಾಯಿಯಿಲ್ಲ. ಆ ಒಂದು ಬೆಳಿಗ್ಗೆ ಮಾತ್ರ ಊರಿಗೆ ಊರೇ ನನಗೆ ದಾರಿ ಬಿಡುತ್ತದೆ. ಅದಕ್ಕಾಗಿ ಉಳಿದ ದಿನಗಳನ್ನು ಹೇಗೋ ಕಳೆಯುತ್ತೇನೆ.

ಮೂರು ವರ್ಷದ ಹಿಂದೆ ಹಿಮ್ಮಡಿ ನೋವು ಶುರುವಾಯಿತು. ಬೆಳಿಗ್ಗೆ ಎದ್ದು ಕಾಲೂರಿದರೆ ಯಾರೋ ನೆಲದಡಿಯಿಂದ ಮೊಳೆ ಹೊಡೆದ ಹಾಗೆ. ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ತುಳಿದೆ. ಡಾಕ್ಟರು ಬರೆದುಕೊಡುವ ಮೆತ್ತನೆಯ ಎಂಸಿಆರ್ ಚಪ್ಪಲಿ ಹಾಕಿದೆ. ತೇನಿಯಲ್ಲಿ ಹಿಮ್ಮಡಿಗೇ ಇಂಜೆಕ್ಷನ್ ಹಾಕಿಸಿಕೊಂಡೆ. ಆ ಸೂಜಿಗಿಂತ ಹಳೆಯ ನೋವೇ ವಾಸಿ ಅನ್ನಿಸಿತು. ಹೋದ ಪೊಂಗಲಿಗೆ ಕುಂಟುತ್ತ ಹೊಳೆ ಮುಟ್ಟಿದೆ. ನಿಜ ಹೇಳಬೇಕೆಂದರೆ ಹೋರಿಯೇ ನನ್ನನ್ನು ಎಳೆದು ತಂದಿತು. ಚಿಕ್ಕಪ್ಪನ ಮಗ ಪೆರುಮಾಳು ಎಲ್ಲರೆದುರಿಗೆ ಅಂದ:

"ಅಣ್ಣಾ, ಮುಂದ್ಲೊರ್ಸ ಅಗ್ಗ ನಾ ಇಡ್ಕತೀನಿ. ನೀ ಇಂದ್ಗಡೆ ಗಾಡೀಲಿ ಕೂತ್ಕಂಡು ಬಾ."

ಗಾಡಿಯಲ್ಲಿ ಕೂತುಕೊಂಡು! ಆ ಮಾತು ಹಿಮ್ಮಡಿಗಿಂತ ಹೆಚ್ಚು ನೋಯಿತು. ಮುಂದಿನ ಪೊಂಗಲಿಗೂ ಹಗ್ಗ ನನ್ನ ಕೈಯಲ್ಲೇ ಇರಬೇಕು ಎಂದು ಹಟ ಹಿಡಿದೆ.

ನನ್ನ ಕೊನೆಯ ತಂಗಿ ಸೆಲ್ವಿ ಜರ್ಮನಿಯ ಒಂದು ಆಸ್ಪತ್ರೆಯಲ್ಲಿದ್ದಾಳೆ. ಕ್ಯಾನ್ಸರ್ ರೋಗಿಗಳಿಗೆ ಕೊಡುವ ವಿಕಿರಣವನ್ನು ಅಳೆದು ಗೊತ್ತುಮಾಡುವುದು ಅವಳ ಕೆಲಸ. ಫೋನಿನಲ್ಲಿ ನನ್ನ ಗೋಳು ಕೇಳಿ ಅಂದಳು: "ಅಣ್ಣಾ, ಇಲ್ಲಿ ಇಮ್ಮಡಿ ನೋವ್ಗೂ ಅದೇ ಮಿಸಿನ್ಲಿ ವೈದ್ಯಂ ಮಾಡ್ತಾರೆ. ರವ್ವಷ್ಟು ತಾನೆ. ಬಂದ್ಬುಡು."

ಅಷ್ಟು ದೂರ ಏಕೆ ಎಂದು ಮೊದಲು ಮದುರೈಯಲ್ಲೇ ಒಬ್ಬ ಡಾಕ್ಟರನ್ನು ಕೇಳಿದೆ. ಅವರು ಕನ್ನಡಕ ತೆಗೆದು, ಹೊರಗೆ ಸಾಲಾಗಿ ಕೂತಿದ್ದ ಕ್ಯಾನ್ಸರ್ ರೋಗಿಗಳ ಕಡೆ ಕೈತೋರಿಸಿದರು. ನನಗೆ ನಾಚಿಕೆಯಾಗಿ ಎದ್ದು ಬಂದೆ. ವಿಮಾನ ಹತ್ತದೆ ಬೇರೆ ದಾರಿ ಉಳಿಯಲಿಲ್ಲ.

ಫ್ರಾಂಕ್‌ಫರ್ಟ್

ನನ್ನ ಹೆಂಡತಿ ಕಾಮಾಕ್ಷಿ ಪೆಟ್ಟಿಗೆಗೆ ದಿಂಡಿಗಲ್ ಬೀಗ ಹಾಕಿಸಿದ್ದಳು. ಪೆಟ್ಟಿಗೆ ಒಡೆದರೂ ಬೀಗ ಒಡೆಯಬಾರದು, ಅಂಥ ಬೀಗ. ಮನೆಯ ಕೀಲಿಗಳೆಲ್ಲ ಅವಳ ಸೊಂಟದ ಗೊಂಚಲಲ್ಲಿರುವುದು ನಮ್ಮಲ್ಲಿ ಪದ್ಧತಿ. ಆ ಪದ್ಧತಿಯಂತೆ ಈ ಕೀಲಿಯೂ ಅಲ್ಲೇ ಉಳಿದಿತ್ತು. ಬೀಗ ಜರ್ಮನಿಗೆ ಬಂತು, ಕೀಲಿ ಮಾರ್ಕಯನ್‌ಕೋಟ್ಟೈಯಲ್ಲಿ ಭದ್ರವಾಗಿತ್ತು.

ಸುಂಕದ ಅಧಿಕಾರಿ ಪೆಟ್ಟಿಗೆ ತೆಗೆಯಿರಿ ಅಂದ. ಕೀಲಿ ಹೆಂಡತಿಯ ಹತ್ತಿರ ಇದೆ ಅಂದೆ. ಹೆಂಡತಿ ಎಲ್ಲಿ ಅಂದ. ಹೇಳಿದೆ. ಅವನು ಒಂದು ಕತ್ತರಿ ತಂದ. ಕತ್ತರಿಯ ಬಾಯಿ ಬಗ್ಗಿತು. ಇನ್ನೊಬ್ಬ ಬಂದು ಗರಗಸದ ಯಂತ್ರ ಹಚ್ಚಿದ. ದೀಪಾವಳಿಯ ಹಾಗೆ ಕಿಡಿ ಹಾರಿತು. ದಿಂಡಿಗಲ್ಲಿನ ಮಾನಕ್ಕೆ ಏನೂ ಕುಂದಾಗಲಿಲ್ಲ ಎಂದು ಒಳಗೊಳಗೇ ಖುಷಿಪಟ್ಟೆ. ಕೊನೆಗೆ ಬೀಗ ಬಿಟ್ಟುಕೊಟ್ಟಿತು. ಒಳಗೆ ರಾಗಿ ಹಿಟ್ಟು, ಲುಂಗಿ, ಮತ್ತು ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಇಟ್ಟಿಗೆ. ಆ ದೇಶದಲ್ಲಿ ಇಟ್ಟಿಗೆ ಸಿಗುತ್ತೋ ಇಲ್ಲವೋ ಎಂದು ಕಾಮಾಕ್ಷಿ ನನಗೂ ಹೇಳದೆ ಇಟ್ಟಿದ್ದಳು.

"ಇದೇನು?" ಎಂದು ಅಧಿಕಾರಿ ಕೇಳಿದ.

"ಔಷಧಿ," ಎಂದೆ.

ಅವನು ಅದನ್ನು ಮೂಸಿದ, ತಟ್ಟಿದ, ಯಂತ್ರದೊಳಗೆ ಎರಡು ಸಲ ಕಳಿಸಿದ. ನಾನು ಚಪ್ಪಲಿ ಕಳಚಿ, ಇಟ್ಟಿಗೆಯ ಮೇಲೆ ಹಿಮ್ಮಡಿ ಇಟ್ಟು ತೋರಿಸಿದೆ. ಅವನು ನನ್ನ ಮುಖ ನೋಡಿ, ಮೆಲ್ಲಗೆ ಪಂಚೆ ಸುತ್ತಿ ವಾಪಸು ಕೊಟ್ಟ. ಹೊರಗೆ ಮೂರು ಗಂಟೆ ಕಾದಿದ್ದ ಸೆಲ್ವಿ ನನ್ನನ್ನು ಕಂಡು ಅಳಬೇಕೋ ಬೈಯಬೇಕೋ ತಿಳಿಯದೆ ಎರಡನ್ನೂ ಮಾಡಿದಳು.

ಮೈನ್ ನದಿಯ ದಂಡೆ

ಸೆಲ್ವಿಯ ಊರು ಮೈನ್ ನದಿಯ ದಂಡೆಯಲ್ಲಿದೆ. ಗುಡ್ಡದ ತುಂಬ ದ್ರಾಕ್ಷಿ. ನಮ್ಮಲ್ಲಿ ದ್ರಾಕ್ಷಿಬಳ್ಳಿಗೆ ಚಪ್ಪರ ಹಾಕುತ್ತೇವೆ, ಅದು ತಲೆಯ ಮೇಲೆ ಮೈಚಾಚಿ ಮಲಗುತ್ತದೆ. ಅಲ್ಲಿ ಗೂಟಕ್ಕೆ ಕಟ್ಟಿ, ಪರೇಡಿಗೆ ನಿಲ್ಲಿಸಿದ ಹಾಗೆ ಸಾಲಾಗಿ ನಿಲ್ಲಿಸಿದ್ದಾರೆ. ಜನರೂ ಹಾಗೆಯೇ. ರಸ್ತೆಯಲ್ಲಿ ಒಂದು ಸೈಕಲ್ಲೂ ಇಲ್ಲದಿದ್ದರೂ ಕೆಂಪು ದೀಪಕ್ಕೆ ನಿಲ್ಲುತ್ತಾರೆ. ನಾನೊಮ್ಮೆ ದಾಟಿದೆ. ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದ ಅಜ್ಜಿಯೊಬ್ಬಳು ಸಂಸ್ಕೃತದಂತೆ ಗಂಭೀರವಾದ ಏನನ್ನೋ ಹೇಳಿದಳು. ಬೈಗುಳವೆಂದು ಆಮೇಲೆ ತಿಳಿಯಿತು. ಮತ್ತೆ ಈಚೆಗೆ ಬಂದು, ಹಸಿರು ದೀಪಕ್ಕೆ ಕಾದು, ಮರಳಿ ದಾಟಿದೆ.

ಆಸ್ಪತ್ರೆಯ ಡಾಕ್ಟರಮ್ಮ ಎತ್ತರದ ಹೆಂಗಸು. ಈ ಮೊದಲು ಏನೇನು ಮಾಡಿದ್ದೀರಿ ಎಂದು ಕೇಳಿದರು. ಬೇರೆ ಉಪಾಯಗಳೆಲ್ಲ ಸೋತ ಮೇಲೆ, ಅದೂ ವಯಸ್ಸಾದವರಿಗೆ ಮಾತ್ರ ಇದನ್ನು ಕೊಡುವುದಂತೆ. ಸೆಲ್ವಿ ಇಂಜೆಕ್ಷನ್ ಹೇಳಿದಳು, ಚಪ್ಪಲಿ ಹೇಳಿದಳು. ಇಟ್ಟಿಗೆಯನ್ನು ಬಿಟ್ಟಳು. ನಾನು ಬಿಡಲಿಲ್ಲ. ಡಾಕ್ಟರಮ್ಮ ಇಟ್ಟಿಗೆಯನ್ನೂ ಫೈಲಿನಲ್ಲಿ ಬರೆದುಕೊಂಡರು.

ಆಮೇಲೆ ಸಹಿಗೆ ಒಂದು ಕಾಗದ. ಸೆಲ್ವಿ ಓದಿ ಅರ್ಥ ಹೇಳಿದಳು. ಇದು ಕ್ಯಾನ್ಸರಿಗೆ ಕೊಡುವ ಕಿರಣವೇ, ಅಳತೆ ಮಾತ್ರ ತೀರ ಕಡಿಮೆ, ಉರಿಯೂತ ಇಳಿಸುವುದಕ್ಕೆ. ಆದರೆ ಮುಂದೆ ಎಂದೋ ಇದರಿಂದಲೇ ಕ್ಯಾನ್ಸರ್ ಬರುವ ಸಾಧ್ಯತೆ, ಬಹಳ ಸಣ್ಣದು, ಇಲ್ಲವೆಂದು ಹೇಳುವ ಹಾಗಿಲ್ಲ. ಅಂದರೆ ನನಗಿಲ್ಲದ ರೋಗದ ಔಷಧಿಯನ್ನು ಇರುವ ರೋಗಕ್ಕೆ ತೆಗೆದುಕೊಂಡು, ಇಲ್ಲದ ರೋಗ ಬಂದರೆ ನಾನೇ ಹೊಣೆ ಎಂದು ಸಹಿ ಹಾಕಬೇಕು. ಪೆನ್ನು ಹಿಡಿದೆ. ಪೆರುಮಾಳುವಿನ ಗಾಡಿ ಕಣ್ಣಿಗೆ ಬಂತು. ಹಾಕಿದೆ.

ಕಾಯುವ ಕೋಣೆಯಲ್ಲಿ ಎರಡು ಬಗೆಯ ಜನ. ಒಂದು ಕಡೆ ಮೊಣಕೈ, ಹೆಬ್ಬೆರಳು, ಹಿಮ್ಮಡಿಯವರು. ಕ್ಷೌರಕ್ಕೆ ಬಂದವರ ಹಾಗೆ ಪತ್ರಿಕೆ ಓದುತ್ತ, ಒಳಗೆ ಬಂದವರಿಗೆಲ್ಲ 'ಮೊರ್ಗನ್' ಎಂದು ಬೆಳಗಿನ ನಮಸ್ಕಾರ ಹೇಳುತ್ತ ಕೂತಿದ್ದರು. ಇನ್ನೊಂದು ಕಡೆ ನಿಜವಾದ ರೋಗಿಗಳು. ತಲೆಗೆ ನೀಲಿ ವಸ್ತ್ರ ಸುತ್ತಿದ್ದ ಒಬ್ಬ ಹೆಂಗಸು ನಾನು ಕುಂಟುವುದನ್ನು ಕಂಡು ಎದ್ದು ಜಾಗ ಕೊಟ್ಟಳು. ಎಲ್ಲಿ ನೋವು ಎಂದು ಸನ್ನೆಯಲ್ಲೇ ಕೇಳಿದಳು. ಹಿಮ್ಮಡಿ ತೋರಿಸಿದೆ. ಅವಳು ಬಾಯಿ ತುಂಬ ನಕ್ಕು, ನನ್ನ ಭುಜ ತಟ್ಟಿದಳು. ನನಗೆ ಏನೂ ಆಗಿಲ್ಲ ಎಂದು ಅವಳಿಗೆ ನಿಜವಾಗಿ ಸಂತೋಷವಾಗಿತ್ತು. ಮದುರೈಯಲ್ಲಿ ಪಟ್ಟ ನಾಚಿಕೆ ಮತ್ತೆ ಬಂತು, ಕಣ್ಣಲ್ಲಿ ನೀರೂ ಬಂತು.

ಯಂತ್ರ ನಮ್ಮೂರ ಅಕ್ಕಿ ಗಿರಣಿಯಷ್ಟಿದೆ. ಅದರ ಕೆಳಗೆ ನನ್ನ ಒಂದೇ ಒಂದು ಹಿಮ್ಮಡಿ. ಅದರ ಮೇಲೆ ನೇರಳೆ ಬಣ್ಣದ ಪೆನ್ನಿನಲ್ಲಿ ಅಡ್ಡಗೆರೆ, ಉದ್ದಗೆರೆ. ಸಬೀನ ಎಂಬ ನಗುಮುಖದ ಹೆಂಗಸು ಕಾಲನ್ನು ಸರಿಯಾಗಿ ಇಟ್ಟು, ಅಲ್ಲಾಡಬೇಡಿ ಎಂದು ಹೇಳಿ, ತಾನು ಮಾತ್ರ ಗೋಡೆಯಷ್ಟು ದಪ್ಪದ ಬಾಗಿಲಿನ ಆಚೆ ಓಡಿದಳು. ಗುಂಯ್ ಎಂದಿತು. ನಿಂತಿತು. ಬಾಗಿಲು ತೆರೆಯಿತು.

"ಆಯ್ತಾ?" ಎಂದೆ. ಆಯಿತಂತೆ. ಬಿಸಿಯಿಲ್ಲ, ಉರಿಯಿಲ್ಲ, ಇರುವೆ ಕಚ್ಚಿದಷ್ಟೂ ಇಲ್ಲ. ಸಮುದ್ರ ದಾಟಿ ಬಂದದ್ದು ಇಷ್ಟಕ್ಕೇ? ಸೊಪ್ಪು ಕೊಂಡರೂ ನಾವು ಒಂದು ಹಿಡಿ ಕೊಸರು ಕೇಳುವ ಜನ. ಇನ್ನೊಂದು ಚೂರು ಹಾಕಲಿಕ್ಕೆ ಹೇಳು ಎಂದು ಸೆಲ್ವಿಯ ಬೆನ್ನುಬಿದ್ದೆ.

"ಅಣ್ಣಾ, ಇದೇನ್ ಕೊತ್ಮಿರಿ ಸೊಪ್ಪಾ? ನಾನೇ ಅಳ್ದಿರದು. ಬಾಯಿ ಮುಚ್ಕಂಡ್ ಬಾ," ಎಂದು ತಂಗಿ ಎಲ್ಲರೆದುರಿಗೆ ಗದರಿದಳು. ಸಬೀನಳಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು.

ಅದೇ ದಂಡೆ, ಎರಡನೇ ವಾರ

ವಾರಕ್ಕೆ ಎರಡರಂತೆ ಆರು ಸಲ ಕೊಡಬೇಕಿತ್ತು. ಎರಡು ಮುಗಿದ ದಿನ ಕಾಮಾಕ್ಷಿ ಫೋನ್ ಮಾಡಿದಳು. ಏನು ವೈದ್ಯ ಎಂದು ಕೇಳಿದಳು. ನನಗೆ ಹೇಳಲು ಬರಲಿಲ್ಲ. ಸೆಲ್ವಿ ಫೋನ್ ಕಿತ್ತುಕೊಂಡು ಸುಲಭ ಮಾಡಿ ಹೇಳಿದಳು: "ಅತ್ತಿಗೆ, ನಮ್ಮೂರ್ಲಿ ಕರಂಟು ಇಡಾದು ಅಂತಾರಲ್ಲ, ಅದೇ. ಆದ್ರೆ ಸಣ್ಣದು, ಕವಲೆ ಪಡ್ಬೇಡಿ."

ನಮ್ಮ ಕಡೆ ಈ ಚಿಕಿತ್ಸೆಗೆ ಜನ ಇಟ್ಟ ಹೆಸರು ಅದು. ಅದನ್ನು ಇಡಿಸಿಕೊಂಡವರನ್ನು ನಾವು ಒಂದೇ ಕಾಯಿಲೆಯಲ್ಲಿ ಕಂಡಿದ್ದೇವೆ, ಬಹಳ ಜನರನ್ನು ಮತ್ತೆ ಕಂಡಿಲ್ಲ. ಸಣ್ಣದು ಎಂದದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಕವಲೆ ಪಡಬೇಡಿ, ಅಂದರೆ ಚಿಂತೆ ಮಾಡಬೇಡಿ, ಎಂದದ್ದನ್ನು ಎಲ್ಲರೂ ಕೇಳಿಸಿಕೊಂಡರು.

ಮರುದಿನದಿಂದ ನನ್ನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ವೇದಸಂದೂರಿನ ನೂಲಿನ ಮಿಲ್ಲಿನಲ್ಲಿರುವ ಭಾವಮೈದುನ, ನೀರಿನ ಕಾಲುವೆಯ ಜಗಳದಲ್ಲಿ ಒಂಬತ್ತು ವರ್ಷ ಮಾತುಬಿಟ್ಟವನು, "ಮಾವಾ, ಏನ್ ತಿಂದ್ರಿ?" ಎಂದು ಕೇಳಿ ಗೊಳೋ ಎಂದು ಅತ್ತ. ಇನ್ನೊಬ್ಬ ನಮ್ಮ ಸ್ಪ್ರೇಯರನ್ನು ಏಳು ವರ್ಷದ ಹಿಂದೆ ಒಯ್ದಿದ್ದ. ಅದನ್ನು ತೊಳೆದು, ಕುಂಕುಮ ಇಟ್ಟು ಮನೆಗೆ ತಂದುಕೊಟ್ಟನಂತೆ. ನನಗೇನೂ ಇಲ್ಲ, ಹಿಮ್ಮಡಿ ಅಷ್ಟೇ ಎಂದು ಎಲ್ಲರಿಗೂ ಹೇಳಿದೆ. "ಅಂಗೇ ಇರ್ಲಿ, ಅಂಗೇ ಇರ್ಲಿ" ಎಂದು ಎಲ್ಲರೂ ಸಮಾಧಾನ ಹೇಳಿದರು. ಪೆರುಮಾಳು ಮಾತ್ರ ಮೈ ನೋಡಿಕೋ ಎಂದು ಹೇಳಿ ನೇರ ವಿಷಯಕ್ಕೆ ಬಂದ: "ಅಣ್ಣಾ, ನೀ ಒಡಂಬು ನೋಡ್ಕ. ಸಾಮಿ ಅಗ್ಗದ ಕವಲೆ ಬುಡು. ನಾ ಇವ್ನಿ."

ಆ ರಾತ್ರಿ ಊಟ ಸೇರಲಿಲ್ಲ. ಸಾಲದ್ದಕ್ಕೆ ಹಿಮ್ಮಡಿ ನೋವು ಇಳಿಯುವ ಬದಲು ಏರಿತ್ತು. ಮೊದಮೊದಲು ಹಾಗೆ ಆಗುತ್ತದೆ, ಗುಣ ಕಾಣಲು ಮೂರು ತಿಂಗಳಾದರೂ ಹಿಡಿದೀತು ಎಂದು ಡಾಕ್ಟರಮ್ಮ ಹೇಳಿದರು. ಬೆರಳು ಮಡಿಸಿ ನೋಡಿದೆ. ಪೊಂಗಲಿಗೆ ಸರಿಯಾಗಿ ಮೂರು ತಿಂಗಳಿತ್ತು.

ದಿಂಡಿಗಲ್ ಜಂಕ್ಷನ್

ಚೆನ್ನೈನಿಂದ ರೈಲಿನಲ್ಲಿ ಬೆಳಿಗ್ಗೆ ದಿಂಡಿಗಲ್ಲಿಗೆ ಬಂದಿಳಿದೆ. ಇಳಿದೆ ಎಂದರೆ ತಪ್ಪು. ನಾಲ್ಕು ಜನ ನನ್ನನ್ನು ಬಾಗಿಲಿನಿಂದಲೇ ಎತ್ತಿ ಗಾಲಿಕುರ್ಚಿಯಲ್ಲಿಟ್ಟರು. ಪ್ಲಾಟ್‌ಫಾರ್ಮಿನ ತುಂಬ ನಮ್ಮವರೇ. ಕಾಮಾಕ್ಷಿ ಕುರ್ಚಿಯ ಹಿಡಿ ಹಿಡಿದುಕೊಂಡು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು.

ಎರಡು ತಿಂಗಳು ಆಲೂಗಡ್ಡೆ, ಬೆಣ್ಣೆ ತಿಂದು ನಾನು ದುಂಡಗಾಗಿದ್ದೆ. "ಊತ ನೋಡು, ಪಾವಂ," ಎಂದರು. ತಲೆಗೂದಲು ಇದ್ದ ಹಾಗೇ ಇತ್ತಲ್ಲ, ಅದು ಅವರಿಗೆ ಒಗಟಾಯಿತು. ಅತ್ತೆಯೊಬ್ಬಳು ಆಶೀರ್ವಾದ ಮಾಡುವವಳ ಹಾಗೆ ತಲೆಯ ಮೇಲೆ ಕೈಯಿಟ್ಟು, ಒಂದು ಹಿಡಿ ಕೂದಲನ್ನು ಜಗ್ಗಿ ನೋಡಿದಳು.

"ಅಯ್ಯೋ!" ಎಂದು ಕೂಗಿದೆ.

"ಸವುರಿ ಅಲ್ಲ ಕಣ್ರೇ, ಸೊಂತ ಕೂದ್ಲೇ!" ಎಂದು ಅವಳು ಸಾರಿದಳು. ಯಾರೂ ನಂಬಲಿಲ್ಲ. ನಡೆದು ತೋರಿಸುತ್ತೇನೆ ಎಂದು ಏಳಹೋದರೆ ಎಂಟು ಕೈಗಳು ನನ್ನನ್ನು ಒತ್ತಿ ಕೂರಿಸಿದವು.

ಮತ್ತೆ ಮಾರ್ಕಯನ್‌ಕೋಟ್ಟೈ

ಊರಿನಲ್ಲಿ ನನ್ನ ಕಾಲು ನೆಲಕ್ಕೆ ತಾಗಲಿಲ್ಲ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ. ದಿನವೂ ನಾಟಿಕೋಳಿ ಸಾರು. ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಯಾರೂ ಏಳುವ ಮುಂಚೆ ಎದ್ದು, ಹಿತ್ತಲಿಗೆ ಹೋಗಿ, ಹಲ್ಲುಜ್ಜಿ, ದ್ರಾಕ್ಷಿ ಚಪ್ಪರದ ತನಕ ನಡೆದು ವಾಪಸು ಬಂದೆ. ಹೊಸ್ತಿಲು ದಾಟಿದ ಮೇಲೆ ನೆನಪಾಯಿತು, ನನಗೊಂದು ಹಿಮ್ಮಡಿ ಇದೆ ಎಂದು. ನೋವಿರಲಿಲ್ಲ. ಗೋಡೆ ಹಿಡಿದು ನಿಂತು ಅದನ್ನು ನೆಲಕ್ಕೆ ಕುಟ್ಟಿ ಕುಟ್ಟಿ ನೋಡಿದೆ. ಇರಲೇ ಇಲ್ಲ. ಆ ಬೆಳಿಗ್ಗೆಯಂಥ ಸಂತೋಷ ನನಗೆ ಮದುವೆಯಲ್ಲೂ ಆಗಿರಲಿಲ್ಲ. ಕಿರಣದಿಂದ ಹೋಯಿತೋ, ವಾರಗಟ್ಟಲೆ ಮಂಚದ ಮೇಲಿಟ್ಟದ್ದರಿಂದ ಹೋಯಿತೋ ಎಂದು ಸೆಲ್ವಿಯನ್ನು ಕೇಳಿದೆ. ಅವಳು ಫೋನ್ ಇಟ್ಟುಬಿಟ್ಟಳು.

ನಡೆದುಕೊಂಡೇ ಹೋಗಿ ಕುಲದ ಹಿರಿಯರಾದ ಓಬುಳು ತಾತನ ಮುಂದೆ ನಿಂತೆ. ತಾತನಿಗೆ ಎಂಬತ್ತಾರು. ಹಗ್ಗ ಯಾರ ಕೈಗೆ ಎಂದು ಹೇಳುವವರು ಅವರೇ. ಕಾಲು ನೋಡಿ, ಸಂತೋಷಪಟ್ಟು, ಆಮೇಲೆ ಅಂದರು:

"ಕಾಲು ಸರಿಯಾಯ್ತಪ್ಪ. ನಿನ್ ಒಡಂಬ್ನಾಗೆ ಇರ ಕರಂಟು? ಸಾಮಿ ಓರಿಗೆ ಏರ್ಬುಟ್ರೆ?"

ಸೆಲ್ವಿಯನ್ನು ವಿಡಿಯೋದಲ್ಲಿ ಕೂರಿಸಿದೆ. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ ತಾತಾ, ಇದೂ ಹಾಗೆಯೇ, ಮೈಯಲ್ಲಿ ಏನೂ ಉಳಿಯುವುದಿಲ್ಲ ಎಂದು ಚೆನ್ನಾಗಿಯೇ ಹೇಳಿದಳು. ತಾತ ಅಂದರು: "ಬೆಳ್ಕು ಓಗ್ತದೆ ಮಗಾ. ಬಲ್ಬು ಮುಟ್ ನೋಡು, ಸುಡ್ತಾನೇ ಇರ್ತದೆ." ಅಷ್ಟು ಓದಿದ ನನ್ನ ತಂಗಿ ತನ್ನ ಮೇಜಿನ ದೀಪವನ್ನೇ ತಿರುಗಿ ನೋಡಿದಳು.

ಕೊನೆಗೆ ಪರೀಕ್ಷೆ ಎಂದು ತೀರ್ಮಾನವಾಯಿತು. ಮೂರು ದಿನ ನನ್ನ ಮಂಚಕ್ಕೆ ಒಂದು ಮೇಕೆ ಕಟ್ಟಿದರು. ಮೇಕೆಗೆ ಏನೂ ಆಗದಿದ್ದರೆ ನೋಡೋಣ ಎಂದರು. ಮೇಕೆ ದಿಂಬಿನ ಅಂಚು ತಿಂದಿತು, ಕ್ಯಾಲೆಂಡರು ತಿಂದಿತು, ಎರಡನೇ ದಿನ ಡಾಕ್ಟರಮ್ಮ ಸಹಿ ಹಾಕಿದ, ನನಗೆ ಕ್ಯಾನ್ಸರ್ ಇಲ್ಲವೆಂಬ ಒಂದೇ ಒಂದು ಸಾಕ್ಷಿಯಾಗಿದ್ದ ಜರ್ಮನ್ ಕಾಗದವನ್ನೂ ತಿಂದಿತು. ಮೂರನೇ ದಿನ ಕಟ್ಟು ಬಿಚ್ಚಿದಾಗ ಮೈಕೈ ತುಂಬಿಕೊಂಡು ನೆಗೆಯುತ್ತ ಹೋಯಿತು. ತಾತ ಅದನ್ನು ಸುತ್ತಿ ಬಂದು ನೋಡಿದರು.

"ಮೇಕೆ ಸರಿ," ಎಂದರು. "ಆದ್ರೆ ಮೇಕೆ ಓರಿ ಅಲ್ಲಲ್ಲಪ್ಪಾ."

ಹಗ್ಗ ಪೆರುಮಾಳುವಿನ ಕೈಗೆ ಹೋಯಿತು. ನಾನು ಹಿತ್ತಲಿಗೆ ಹೋಗಿ ಅತ್ತೆ. ಐವತ್ತನಾಲ್ಕು ವರ್ಷದ ಗಂಡಸು ಹಗ್ಗಕ್ಕಾಗಿ ಅಳುವುದೇ ಎಂದು ನಿಮಗನ್ನಿಸಬಹುದು. ನನಗೂ ಅನ್ನಿಸಿತು. ಆದರೂ ಅತ್ತೆ.

ಮುಲ್ಲೆಯಾರು

ಮಾಟ್ಟುಪ್ಪೊಂಗಲ್ ಬೆಳಿಗ್ಗೆ ಹೋರಿ ಹೊರಟಿತು. ಹಗ್ಗ ಹಿಡಿದು ಪೆರುಮಾಳು, ಹಿಂದೆ ದನಗಳು, ದನಗಳ ಹಿಂದೆ ಜನ, ಜನರ ಹಿಂದೆ ನಾನು, ದನಗಳಿಗೆ ತಾಗದಷ್ಟು ದೂರದಲ್ಲಿ. ನನಗಾಗಿ ಒಂದು ಗಾಡಿಯೂ ಬರುತ್ತಿತ್ತು. ಹತ್ತಲಿಲ್ಲ. ಬರಿಗಾಲಲ್ಲಿ ನಡೆದೆ. ಮೊದಲು ಸಿಟ್ಟಿನಿಂದ ನಡೆದೆ, ಪೆರುಮಾಳುವಿನ ಬೆನ್ನನ್ನೇ ನೋಡುತ್ತ. ಬಾಳೆತೋಟ ದಾಟುವಾಗ ಕಾಲಡಿಯ ಮಣ್ಣು ತಣ್ಣಗಿತ್ತು. ಮೂರು ವರ್ಷದಿಂದ ಈ ದಾರಿಯಲ್ಲಿ ನಾನು ಮಣ್ಣನ್ನು ತುಳಿದಿರಲಿಲ್ಲ, ನೋವನ್ನು ಮಾತ್ರ ತುಳಿದಿದ್ದೆ. ಹೊಳೆಯ ಮರಳಿಗೆ ಇಳಿಯುವ ಹೊತ್ತಿಗೆ ಸಿಟ್ಟು ಎಲ್ಲೋ ಹಿಂದೆ ಉಳಿದಿತ್ತು.

ಕಾಮಾಕ್ಷಿ ದಾರಿಯುದ್ದಕ್ಕೂ ಪಕ್ಕದಲ್ಲೇ ಬಂದಿದ್ದಳು. ನನ್ನ ಮುಖವನ್ನು ನೋಡಿರಲಿಲ್ಲ, ಹಿಮ್ಮಡಿಯನ್ನೇ ನೋಡಿಕೊಂಡು ನಡೆದಿದ್ದಳು. ಈಗ ಮರಳಿನ ಮೇಲೆ ಕುಸಿದು ಕೂತಳು.

"ನಿಜ್ವಾಗೂ ಇಮ್ಮಡಿ ತಾನಾ?" ಎಂದಳು. "ಬೇರೆ ಏನೂ ಇಲ್ವಾ?"

"ಇಮ್ಮಡಿನೇ ಕಣೆ."

"ಮೂರ್ ತಿಂಗ್ಳು ನಾ ಒಂದಿನ ನಿದ್ದೆ ಮಾಡಿಲ್ಲ," ಎಂದು ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ. ನಾನು ಹಗ್ಗದ ಚಿಂತೆಯಲ್ಲಿದ್ದಾಗ ಇವಳು ನನ್ನ ಚಿಂತೆಯಲ್ಲಿದ್ದಳು ಎಂದು ಅಲ್ಲಿಯ ತನಕ ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಅವಳ ಪಕ್ಕದಲ್ಲಿ ಕೂತೆ.

ಹೋರಿ ನೀರು ಕುಡಿಯಿತು. ಪೆರುಮಾಳು ಹಗ್ಗ ಬಿಟ್ಟು ನಮ್ಮ ಹತ್ತಿರ ಬಂದ. ನನ್ನ ಕಾಲನ್ನು ನೋಡಿದ, ಅತ್ತಿಗೆಯ ಮುಖವನ್ನು ನೋಡಿದ, ತಲೆ ಕೆರೆದುಕೊಂಡ. ಆಮೇಲೆ ಮರಳಿನ ಮೇಲೆ ಕೋಲೂರಿ ನಿಂತಿದ್ದ ಓಬುಳು ತಾತನ ಕಡೆ ತಿರುಗಿ ಜೋರಾಗಿ ಅಂದ: "ತಾತಾ, ಮುಂದ್ಲೊರ್ಸ ಅಗ್ಗ ಅಣ್ಣನ್ ಕೈಗೇ ಕೊಡಿ. ಅವ್ರ ಅಕ್ಕು ಅದು."

ತಾತ ನನ್ನನ್ನು ಮೇಲಿಂದ ಕೆಳಗೆ, ಬಹಳ ಮರುಕದಿಂದ ನೋಡಿದರು.

"ಅದುಕ್ಕೇನಪ್ಪ," ಎಂದರು. "ಮುಂದ್ಲೊರ್ಸ ಇವ್ನು ಇದ್ರೆ ನಾನೇ ಇವ್ನ್ ಕೈಗೆ ಕೊಡ್ತೀನಿ."

ಎದ್ದು ಹೋಗಿ, ಮರಳಿನಲ್ಲಿ ಜಾರುತ್ತಿದ್ದ ತಾತನ ತೋಳು ಹಿಡಿದುಕೊಂಡೆ.

"ಆಗ್ಲಿ ತಾತಾ," ಎಂದೆ. "ನೀವೇ ಕೊಡ್ಬ್ಯಾಕು."